ಅಮೃತ ಮಹಲ್ ಕಾವಲು: ಬೆಣ್ಣೆ ಚಾವಡಿಯಿಂದ ಸಸಿ ಗುಂಡಿವರೆಗೆ

ಹೋದ ಭಾನುವಾರ ಸಾಯಂಕಾಲ ಅರಳಿಕಟ್ಟೆ ಮೇಲೆ ಕೂತಿದ್ವಿ. ನಮ್ಮೂರ ಹುಡುಗ ಒಬ್ಬ ಬಂದು ಹೇಳ್ದ, "ಅಣ್ಣ, ಕಾವಲಿಗೆ ಸಸಿ ಹಾಕೋಕೆ ಬರ್ತಾರಂತೆ. ಜೆಸಿಬಿ ತಂದು ಗುಂಡಿ ಹೊಡೀತಾರಂತೆ. ಅಷ್ಟು ಜಾಗ ಸುಮ್ನೆ ಖಾಲಿ ಬಿದ್ದಿತ್ತಲ್ಲ, ಒಳ್ಳೇದೇ ಆಯ್ತು." ಕೂತಿದ್ದೋರೆಲ್ಲ ಹೌದೌದು ಅಂದ್ರು. ನಾನೂ ತಲೆ ಆಡಿಸಿದೆ. ಮನೆಗೆ ಬಂದ ಮೇಲೆ ಆ "ಖಾಲಿ" ಅನ್ನೋ ಮಾತು ಕಿವಿಯಲ್ಲೇ ಉಳಿದುಬಿಡ್ತು.

ನಾನು ಅದೇ ಕಾವಲಲ್ಲಿ ದನ ಕಾಯ್ಕೊಂಡು ಬೆಳೆದೋನು. ಎಸ್ಸೆಸ್ಸೆಲ್ಸಿಗೆ ಓದಿದ್ದೂ ಅಲ್ಲೇ, ಬಿಳಿಜಾಲಿ ಮರದ ಕೆಳಗೆ ಕೂತ್ಕೊಂಡು. ಅದು ಖಾಲಿ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹಾಗಾದ್ರೆ ತಲೆ ಯಾಕೆ ಆಡಿಸಿದೆ? ಉತ್ತರ ಹುಡುಕ್ತಾ ಹಳೇ ನೋಟ್ ಬುಕ್ ತೆಗೆದೆ. ನಮ್ಮ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿ ಅಮೃತ ಮಹಲ್ ಬಗ್ಗೆ ಇರೋದನ್ನ ನನಗೆ ಕನ್ನಡದಲ್ಲಿ ಹೇಳಿ ಬರೆಸಿದ್ರು. ಅದರ ಜೊತೆಗೆ ನಾನು ಕಂಡಿದ್ದು, ದೊಡ್ಡೋರು ಹೇಳಿದ್ದು ಸೇರಿಸಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ನಮ್ಮ ಕಡೂರು, ಅಜ್ಜಂಪುರ, ಹೊಸದುರ್ಗ, ಚಿಕ್ಕನಾಯಕನಹಳ್ಳಿ ಸೀಮೆ ಎಲ್ಲ ಮಳೆ ನೆರಳಿನ ಜಾಗ. ಬಾಬಾಬುಡನ್‌ಗಿರಿಗೆ ಹೊಯ್ದ ಮಳೆ ನಮ್ಮ ಹತ್ರ ಬರೋ ಹೊತ್ತಿಗೆ ಬರೀ ಗಾಳಿ. ಮಣ್ಣೋ, ಮೇಲೆ ಒಂದು ಗೇಣು ಕೆಂಪು ಮಣ್ಣು, ಕೆಳಗೆ ಗರಸು, ಬಿಳಿಕಲ್ಲು. ಇಂಥ ಕಡೆ ಕಾಡು ದಟ್ಟವಾಗಿ ಬೆಳೆಯಲ್ಲ, ಹುಲ್ಲು ಬೆಳೆಯುತ್ತೆ. ಮಧ್ಯ ಮಧ್ಯ ಜಾಲಿ, ಕಾರೆ, ಎಲಚಿ, ಬಂದರಿಕೆ, ತಂಗಡಿ. ಇದನ್ನ ಮೊದಲು ಸರಿಯಾಗಿ ಲೆಕ್ಕ ಹಾಕಿದೋರು ಮೈಸೂರು ಅರಸರು.

ಕಥೆ ವಿಜಯನಗರದ ಕೊನೆ ಕಾಲಕ್ಕೆ ಹೋಗುತ್ತೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ಹಳ್ಳಿಕಾರ್ ಹಸುಗಳನ್ನ ತರಿಸಿ ಸಾಕಿದ್ನಂತೆ. ಆ ಮಂದೆ ಒಡೆಯರ ಕೈಗೆ ಬಂತು. ಒಬ್ಬರಾದ ಮೇಲೆ ಒಬ್ಬರು ಅರಸರು ಮಂದೆ ಹೆಚ್ಚಿಸ್ತಾ, ಮೇಯೋಕೆ ಅಂತ ಅಲ್ಲಲ್ಲಿ ಜಾಗ ಬಿಡ್ತಾ ಬಂದ್ರು. ಹಾಗೆ ಬಿಟ್ಟು ಕಾಯಿಸಿದ ಜಾಗಕ್ಕೇ ಕಾವಲು ಅಂತ ಹೆಸರು. ಚಿಕ್ಕದೇವರಾಜ ಒಡೆಯರು (1672ರಿಂದ 1704) ಇದಕ್ಕೊಂದು ಇಲಾಖೆಯನ್ನೇ ಮಾಡಿ "ಬೆಣ್ಣೆ ಚಾವಡಿ" ಅಂತ ಹೆಸರಿಟ್ರು. ಅರಮನೆಗೆ ಹಾಲು ಬೆಣ್ಣೆ ಇಲ್ಲಿಂದ ಹೋಗ್ತಿತ್ತು. ಅಮೃತ ಮಹಲ್ ಹಸು ಸಾಕಿದೋರು ಇದನ್ನ ಓದಿ ನಗಬಹುದು. ಕರುವಿಗೆ ಬಿಟ್ಟು ಮಿಕ್ಕಿದ್ದು ಒಂದು ಚೊಂಬು ಸಿಕ್ಕಿದ್ರೆ ಪುಣ್ಯ, ಅದೂ ಒದೆ ತಿಂದ ಮೇಲೆ. ಅರಮನೆಗೆ ಬೆಣ್ಣೆ ಬರಬೇಕಾದ್ರೆ ಎಷ್ಟು ಸಾವಿರ ಹಸು ಇದ್ದಿರಬೇಕು ಲೆಕ್ಕ ಹಾಕಿ.

ಈ ಜಾತಿಯ ನಿಜವಾದ ಬೆಲೆ ಗೊತ್ತಾಗಿದ್ದು ಹೈದರಾಲಿಗೆ. ಅವನು ನೋಡಿದ್ದು ಎತ್ತನ್ನ. ತೋಪು, ಮದ್ದು, ದವಸ ಎಳೆಯೋಕೆ ಇದರಷ್ಟು ಚುರುಕು ಎತ್ತು ಇನ್ನೆಲ್ಲೂ ಇರಲಿಲ್ಲ. ಸೈನಿಕರು ನಡೆಯೋದಕ್ಕಿಂತ ಜೋರಾಗಿ ಈ ಎತ್ತು ನಡೀತಿದ್ವು. ಚಿದಂಬರಂ ಕೋಟೆ ಉಳಿಸ್ಕೊಳ್ಳೋಕೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದ ಅಂತ ಗೆಜೆಟಿಯರ್ ಹೇಳುತ್ತೆ. ನೂರು ಮೈಲಿ ಅಂದ್ರೆ 160 ಕಿಲೋಮೀಟರ್, ಈಗಿನ ಟಾರು ರಸ್ತೆ ಇಲ್ದೇನೇ. ಯುದ್ಧ ಸೋತಾಗಲೂ ತೋಪು ಶತ್ರು ಕೈಗೆ ಸಿಗದ ಹಾಗೆ ಎಳ್ಕೊಂಡು ಹೋಗ್ತಿದ್ದ. ಆಮೇಲೆ ಟಿಪ್ಪು ನಮ್ಮ ಪಕ್ಕದ ಬಿದನೂರು ನಗರವನ್ನ ವಾಪಸ್ ತಗೊಳ್ಳೋಕೆ ಪೂರ್ವ ಕಡೆಯಿಂದ ಪಶ್ಚಿಮಕ್ಕೆ ಒಂದೇ ತಿಂಗಳಲ್ಲಿ ಬಂದಿದ್ದೂ ಈ ಎತ್ತುಗಳ ಬಲದಿಂದ. ಹಾಗಲವಾಡಿ ಪಾಳೇಗಾರರ ಮಂದೆಯನ್ನೂ ಟಿಪ್ಪು ಇದಕ್ಕೆ ಸೇರಿಸಿದ. ಬೆಣ್ಣೆ ಚಾವಡಿ ಅಂತಿದ್ದ ಹೆಸರನ್ನ ಅಮೃತ ಮಹಲ್ ಅಂತ ಮಾಡಿದ್ದೂ ಅವನೇ. ಮಂದೆ ಹೇಗೆ ನೋಡ್ಕೋಬೇಕು ಅಂತ ಹುಕುಂನಾಮೆ ಬರೆಸಿದ.

ಇಲ್ಲಿ ಒಂದು ವಿಷಯ ಹಿಡ್ಕೊಳ್ಳಿ. ಈ ಲೇಖನ ಬರೆಯೋಕೆ ಕೂತಿದ್ದೇ ಇದಕ್ಕೆ.

ಕಾವಲುಗಳನ್ನ ಮೂರು ಥರ ಮಾಡಿದ್ರು. ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆದು. ಬೇಸಿಗೆ ಕಾವಲು ಅಂದ್ರೆ ಕೆರೆ ಅಂಗಳ, ಹಳ್ಳ, ನೆರಳಿಗೆ ಮರ ಇರೋ ಜಾಗ. ಮಳೆಗಾಲದ ಕಾವಲು ಬೋರೆ ಮೇಲಿನ ಬಯಲು, ಮಳೆ ನೀರು ನಿಂತ ಗುಂಡಿ ಬತ್ತೋವರೆಗೆ ಮಾತ್ರ ಅಲ್ಲಿ ದನಕ್ಕೆ ನೀರು. ಮಂದೆ ಒಂದು ಕಡೆ ಕೂರ್ತಿರಲಿಲ್ಲ, ವರ್ಷ ಪೂರ್ತಿ ಒಂದರಿಂದ ಇನ್ನೊಂದಕ್ಕೆ ಓಡಾಡ್ತಾನೇ ಇತ್ತು. ಮಂದೆ ಜೊತೆ ಇರೋರು ಸರ್ವೇಗಾರರು, ಜಾಗ ಕಾಯೋರು ಕಾವಲುಗಾರರು. ಮಂದೆ ಬರೋಕೆ ಮುಂಚೆ ಬೇರೆ ದನ ನುಗ್ಗಿದ್ರೆ ಕಾವಲುಗಾರನಿಗೆ ಕೆಲಸ ಇರುತ್ತಿರಲಿಲ್ಲ.

ದನ ಮೇಯಿಸಿದೋರಿಗೆ ಇದರ ಅರ್ಥ ಬಿಡಿಸಿ ಹೇಳ್ಬೇಕಾಗಿಲ್ಲ. ಮಂದೆ ಹೋದ ಮೇಲೆ ಆ ಕಾವಲಿಗೆ ತಿಂಗಳುಗಟ್ಟಲೆ ರಜೆ. ಹುಲ್ಲು ತೆನೆ ಬಿಟ್ಟು, ಬೀಜ ಉದುರಿಸಿ, ಬೇರು ಗಟ್ಟಿ ಮಾಡ್ಕೊಳ್ಳೋಕೆ ಪುರುಸೊತ್ತು ಸಿಗ್ತಿತ್ತು. ಮತ್ತೆ ಮಂದೆ ಬಂದಾಗ ಬೆಳೆದಿದ್ದನ್ನ ಮೇದು, ತುಳಿದು, ಸಗಣಿ ಹಾಕಿ, ಮುಳ್ಳು ಕಂಟಿ ಹಬ್ಬದ ಹಾಗೆ ನೋಡ್ಕೊಳ್ತಿತ್ತು. ಪೂರ್ತಿ ಮೇಯಿಸಿದ್ರೂ ಕಾವಲು ಹಾಳು, ಪೂರ್ತಿ ಬಿಟ್ರೂ ಹಾಳು. ಎರಡರ ಮಧ್ಯೆ ಹದ ಹಿಡಿದಿದ್ದಕ್ಕೇ ಇನ್ನೂರು ಮುನ್ನೂರು ವರ್ಷ ಅದು ಹುಲ್ಲುಗಾವಲಾಗೇ ಉಳಿದಿದ್ದು. ನಮ್ಮ ಗದ್ದೆ ಹೇಗೆ ಮನುಷ್ಯ ಮಾಡಿದ್ದೋ, ಕಾವಲೂ ಅರ್ಧ ಮನುಷ್ಯ ಮಾಡಿದ್ದೇ. ಉಳಿದರ್ಧ ದನ ಮಾಡಿದ್ದು.

ಶ್ರೀರಂಗಪಟ್ಟಣ ಬಿದ್ದ ಮೇಲೆ (1799) ಮಂದೆ ಬ್ರಿಟಿಷರ ಪಾಲಾಯ್ತು. ಮೊದಲು ಮೈಸೂರಿನವರ ಉಸ್ತುವಾರಿಗೆ ಬಿಟ್ರು, ಸರಿಹೋಗಲಿಲ್ಲ ಅಂತ 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆ ಅನ್ನೋನ ಕೈಗೆ ಕೊಟ್ರು. ಹುಣಸೂರು ಮುಖ್ಯ ಠಾಣೆ ಆಯ್ತು. ಕರು ನಾಲ್ಕು ವರ್ಷಕ್ಕೆ ಮಂದೆಯಿಂದ ಬೇರೆ ಆಗೋದು, ಏಳು ವರ್ಷಕ್ಕೆ ಸೈನ್ಯದ ಕೆಲಸಕ್ಕೆ ಹೋಗೋದು. ಅಲ್ಲಿವರೆಗೆ ಅದು ಕಾವಲಿನ ಹುಲ್ಲಲ್ಲೇ ಬೆಳೀಬೇಕು. ಹಿಂಡಿ ಇಲ್ಲ, ಬೂಸಾ ಇಲ್ಲ, ಕೊಟ್ಟಿಗೆ ಇಲ್ಲ. ತೋಪು ಎಳೆಯೋ ಎತ್ತು ತಯಾರಾಗಿದ್ದು ಬರೀ ಹುಲ್ಲಿಂದ. ಈಗ ಇದೇ ಜಾಗವನ್ನ ನಾವು ಪಾಳು ಅಂತೀವಿ.

1860ರಲ್ಲಿ ಒಂದು ತಮಾಷೆ ಆಯ್ತು. ಖರ್ಚು ಜಾಸ್ತಿ ಅಂತ ಮದ್ರಾಸ್ ಸರ್ಕಾರ ಮಂದೆಯನ್ನೇ ಮಾರಿಬಿಡ್ತು. ಸ್ವಲ್ಪ ವರ್ಷದಲ್ಲೇ ಒಳ್ಳೆ ಎತ್ತು ಸಿಗದೆ ಒದ್ದಾಡಿದ್ರು. 1866ರಲ್ಲಿ ಮತ್ತೆ ಅಲ್ಲಿ ಇಲ್ಲಿ ಹುಡುಕಿ ಮಂದೆ ಕಟ್ಟಿದ್ರು. ಮಾರಿದ ಹಸು ಹೇಗೋ ವಾಪಸ್ ಸಿಕ್ತು, ಯಾಕಂದ್ರೆ ಕಾವಲು ಇನ್ನೂ ಇತ್ತು. ಕಾವಲೇ ಮಾರಿದ್ರೆ ಯಾವ ಸಂತೇಲಿ ತರ್ತಿದ್ರು? ಆಮೇಲೆ ಅದು ಮೈಸೂರು ಸರ್ಕಾರಕ್ಕೆ ಬಂತು, 1923ರಲ್ಲಿ ಮಿಲಿಟರಿಯಿಂದ ಕೃಷಿ ಇಲಾಖೆಗೆ ಹೋಯ್ತು. ಈಗ ಪಶುಸಂಗೋಪನೆಯವರ ಕೈಲಿದೆ. ಅಜ್ಜಂಪುರದ ತಳಿ ಕೇಂದ್ರ ನಿಮಗೆಲ್ಲ ಗೊತ್ತು, ಹೋರಿ ಹರಾಜಿಗೆ ಎಷ್ಟೋ ಜನ ಹೋಗಿದೀರ.

ಒಂದು ಕಾಲಕ್ಕೆ ಈ ಕಾವಲುಗಳೆಲ್ಲ ಸೇರಿ ನಾಲ್ಕು ಲಕ್ಷ ಎಕರೆ ಮೀರಿತ್ತು. ಈಗ ಅದರಲ್ಲಿ ಐದನೇ ಒಂದು ಭಾಗವೂ ಇಲ್ಲ. ಎಲ್ಲಿ ಹೋಯ್ತು ಅಂತ ಯಾರನ್ನೂ ಕೇಳೋದು ಬೇಡ, ನನ್ನನ್ನೇ ಕೇಳಿ.

ಸ್ವಾತಂತ್ರ್ಯದ ಆಸುಪಾಸಲ್ಲಿ ಆಹಾರ ಹೆಚ್ಚು ಬೆಳೀರಿ ಅಂತ ಕಾವಲು ಬಿಡಿಸಿ ಕೊಟ್ರು. ಜಾಗ ಇಲ್ಲದೋರಿಗೆ ಜಾಗ ಸಿಕ್ತು, ಅದು ತಪ್ಪು ಅಂತ ನಾನು ಹೇಳಲ್ಲ. ಆಮೇಲೆ ಕಾಗದ ಇಲ್ದೇನೂ ಉಳೋಕೆ ಶುರು ಮಾಡಿದ್ವಿ. ನಮ್ಮಪ್ಪನೂ ನಮ್ಮ ಹೊಲದ ಬದು ದಾಟಿ ಕಾವಲಿನ ಅಂಚಲ್ಲಿ ಒಂದೂವರೆ ಎಕರೆ ಉತ್ತಿದ್ರು. ನನಗಾಗ ಹತ್ತು ವರ್ಷ ಇರಬಹುದು, ನೇಗಿಲ ಹಿಂದೆ ಕಲ್ಲು ಆರಿಸ್ತಿದ್ದೆ. ಮೊದಲ ವರ್ಷ ರಾಗಿ ಎದೆ ಮಟ್ಟ ಬಂತು. ಊರೆಲ್ಲ ಹೊಗಳಿದ್ರು. ಎರಡನೇ ವರ್ಷವೂ ಪರವಾಗಿಲ್ಲ. ಮೂರನೇ ವರ್ಷ ಒಂದು ಜೋರು ಮಳೆಗೆ ಮೇಲಿನ ಗೇಣು ಮಣ್ಣು ಹಳ್ಳ ಸೇರ್ತು. ಆಮೇಲೆ ಹುರುಳಿ ಚೆಲ್ಲಿದ್ವಿ, ಬೀಜ ವಾಪಸ್ ಬಂದ್ರೆ ಸಾಕು ಅನ್ನೋ ಹಾಗಾಯ್ತು. ಕೊನೆಗೆ ಬಿಟ್ವಿ. ಬಿಟ್ಟು ನಲವತ್ತು ವರ್ಷ ಹತ್ರ ಆಗ್ತಾ ಬಂತು. ಪಕ್ಕದ ಉಳದ ಕಾವಲಲ್ಲಿ ಹುಲ್ಲು ಮೊಣಕಾಲು ಮಟ್ಟ ಬರುತ್ತೆ, ಆ ಒಂದೂವರೆ ಎಕರೆಯಲ್ಲಿ ಇವತ್ತೂ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ. ಗೆರೆ ಎಳೆದ ಹಾಗೆ ಕಾಣುತ್ತೆ. ಬಳ್ಳಾರಿ ಜಾಲಿ ಕಾಯಿ ಕುರಿ ದನ ತಿಂದು ಹಿಕ್ಕೆ ಸಗಣಿಲಿ ಬೀಜ ಹಾಕುತ್ತೆ, ಬರಿದಾದ ನೆಲ ಸಿಕ್ಕಿದ್ರೆ ಅಲ್ಲೇ ಹುಟ್ಟುತ್ತೆ. ನಾವು ಎರಡು ಕೊಯ್ಲಿಗೋಸ್ಕರ ಕೆಡಿಸಿದ್ದನ್ನ ನಲವತ್ತು ವರ್ಷಕ್ಕೂ ಅದು ಸರಿ ಮಾಡ್ಕೊಂಡಿಲ್ಲ.

ದೊಡ್ಡೋರು ದೊಡ್ಡದಾಗಿ ತಗೊಂಡ್ರು. ಚಳ್ಳಕೆರೆ ಕಡೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ 2007ರಿಂದ ಈಚೆಗೆ ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಇಸ್ರೋ, ವಿಜ್ಞಾನ ಸಂಸ್ಥೆ ಇವಕ್ಕೆಲ್ಲ ಹೋಯ್ತು. ದೇಶಕ್ಕೆ ಅವು ಬೇಕು, ಸರಿ. ಆದ್ರೆ ಅಲ್ಲಿನ ಕುರಿಗಾರರು, ಕಂಬಳಿ ನೇಯೋರು ಬೆಳಗ್ಗೆ ಎದ್ದು ನೋಡಿದ್ರೆ ಗೋಡೆ. ಹಸಿರು ನ್ಯಾಯಮಂಡಳಿವರೆಗೂ ಹೋದ್ರು. ಅಲ್ಲೂ ಕಾಗದದಲ್ಲಿ ಕೇಳಿಬಂದ ಮಾತು ಒಂದೇ, ಖಾಲಿ ಜಾಗ.

ಇನ್ನೊಂದು ಥರ ಹಾಳಾಗೋದಿದೆ. ಅದು ಒಳ್ಳೆ ಮನಸ್ಸಿಂದ ಆಗೋದು. ನಾನು ಹೆದರೋದು ಇದಕ್ಕೇ.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಗೊತ್ತಲ್ಲ, 1974ರಲ್ಲಿ ಮಾಡಿದ್ದು, 119 ಚದರ ಕಿಲೋಮೀಟರ್. ಅದೂ ಹುಲ್ಲು ಕುರುಚಲು ನೆಲವೇ. ಬೋಳು ಗುಡ್ಡ ಹಸಿರು ಮಾಡ್ತೀವಿ ಅಂತ ಅಲ್ಲಿ ಬಹುಪಾಲು ನೀಲಗಿರಿ ನೆಟ್ಟಿದ್ರು. ದೂರದಿಂದ ನೋಡೋಕೆ ಕಾಡು. ಒಳಗೆ ಹೋದ್ರೆ ಕೆಳಗೆ ಹುಲ್ಲಿಲ್ಲ. ಕೃಷ್ಣಮೃಗ ಬಯಲು ಪ್ರಾಣಿ, ದೂರ ಕಾಣಬೇಕು, ಓಡೋಕೆ ಜಾಗ ಬೇಕು. ತೋಪಿನೊಳಗೆ ಮೇಯೋಕೆ ಏನೂ ಇಲ್ದೇ ಇದ್ರೆ ಅದು ಹೋಗೋದು ರೈತನ ಹೊಲಕ್ಕೆ. ಎರೆಭೂತ ಅಂತೀವಲ್ಲ, ಮನುಷ್ಯನ ಸೊಂಟದೆತ್ತರ ಇರೋ ಹಕ್ಕಿ, ದೊರೆವಾಯನ ಹಕ್ಕಿ ಅಂತಲೂ ಕರೀತಾರೆ, ಅದು ಒಂದು ಕಾಲಕ್ಕೆ ಅಲ್ಲಿತ್ತು. ಈಗ ಇಲ್ಲ. ಅದು ಮರದ ಹಕ್ಕಿ ಅಲ್ಲ, ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡೋ ಹಕ್ಕಿ. ಮರ ನೆಟ್ಟು ಅದಕ್ಕೆ ಉಪಕಾರ ಮಾಡ್ತೀವಿ ಅಂದ್ರೆ, ಮೀನಿಗೆ ಬಿಸಿಲು ಕಾಯಿಸಿದ ಹಾಗೆ.

ನಮ್ಮ ತಾಲ್ಲೂಕಿನ ಬಾಸೂರು ಕಾವಲು ಬೇರೆ ದಾರಿ ಹಿಡೀತು. ಪಶುಸಂಗೋಪನೆಯವರ ಕಾವಲು ಹಾಗೇ ಇದ್ದು, ಅದನ್ನ 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಣೆ ಮಾಡಿದ್ರು. ದೊಡ್ಡದೇನಲ್ಲ, 7.36 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 1,800 ಎಕರೆ. ನಾನು ವರ್ಷಕ್ಕೆ ಎರಡು ಮೂರು ಸಲ ಬೈಕ್ ತಗೊಂಡು ಆ ಕಡೆ ಹೋಗ್ತೀನಿ. ಬೆಂಗಳೂರಿಂದ ದೊಡ್ಡ ಕ್ಯಾಮೆರಾ ಹಿಡ್ಕೊಂಡು ಬರೋರನ್ನ ನೋಡಿ, ಇವರಿಗೆ ಈ ಬಯಲಲ್ಲಿ ಏನು ಕಾಣುತ್ತಪ್ಪ ಅಂತ ಮೊದಮೊದಲು ನಗ್ತಿದ್ದೆ. ಒಂದು ಸಲ ಅವರಲ್ಲಿ ಒಬ್ಬರು ದುರ್ಬೀನು ಕೊಟ್ಟು ನೋಡಿ ಅಂದ್ರು.

ಡಿಸೆಂಬರ್ ತಿಂಗಳು, ಸಾಯಂಕಾಲ ಐದೂವರೆ. ಹುಲ್ಲಿನ ಮೇಲೆ ಒಂದಾಳೆತ್ತರದಲ್ಲಿ ಗಿಡುಗ ಥರದ ಹಕ್ಕಿ ತೇಲ್ಕೊಂಡು ಬರ್ತಿದ್ವು. ಬೂದು ಬಣ್ಣದ್ದು ಗಂಡು, ಕಂದು ಬಣ್ಣದ್ದು ಹೆಣ್ಣು. ಒಂದು, ಎರಡು, ಐದು, ಎಣಿಸೋಕೆ ಆಗದಷ್ಟು. ಎಲ್ಲ ಹುಲ್ಲೊಳಗೆ ಇಳಿದು ಮರೆಯಾದ್ವು. ಅವು ರಾತ್ರಿ ಮಲಗೋದು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನ ಮಧ್ಯೆ. ಸೆಳೆವ ಅಂತ ಹೆಸರು. ಕಜಾಕಸ್ತಾನದ ಕಡೆಯ ಹುಲ್ಲುಗಾವಲಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬರ್ತವೆ. ಇಲ್ಲಿ ಅವುಗಳ ಮುಖ್ಯ ಊಟ ಮಿಡತೆ. ನಮ್ಮ ಹೊಲದ ಮಿಡತೆ ಹಿಡಿಯೋಕೆ ಸಾವಿರಾರು ಮೈಲಿ ದೂರದಿಂದ ಕೂಲಿ ಇಲ್ದೆ ಆಳು ಬರ್ತಾ ಇದ್ರೂ ನನಗೆ ಐವತ್ತು ವರ್ಷ ಗೊತ್ತಿರಲಿಲ್ಲ ನೋಡಿ.

ಅವತ್ತಿಂದ ನಮ್ಮೂರ ಕಾವಲನ್ನೂ ಬಗ್ಗಿ ನೋಡೋಕೆ ಶುರು ಮಾಡಿದೆ. ಟಿಟ್ಟಿಭ ಕಲ್ಲಿನ ಮಧ್ಯೆ ಕಲ್ಲಿನಂಥದ್ದೇ ಮೊಟ್ಟೆ ಇಡುತ್ತೆ, ಕಾಲಿಟ್ರೂ ಗೊತ್ತಾಗಲ್ಲ. ನೆಲಗುಬ್ಬಿ ಹುಲ್ಲಿನ ಬುಡದಲ್ಲಿ ಒಂದು ಗೊರಸಿನಷ್ಟು ಗುಂಡಿಯಲ್ಲಿ ಗೂಡು ಮಾಡುತ್ತೆ. ಗೌಜಲಹಕ್ಕಿ ಕಾರೆ ಕಂಟಿ ಕೆಳಗೆ. ಬಾಲದ ತುದಿ ಕಪ್ಪಗಿರೋ ಸಣ್ಣ ನರಿ ದಿಣ್ಣೆಯಲ್ಲಿ ಬಿಲ ತೋಡಿದೆ, ಇಲಿ ಹೆಗ್ಗಣ ಹಿಡಿಯೋದು ಅದರ ಕೆಲಸ. ಮೊದಲ ಮಳೆ ಬಿದ್ದ ವಾರಕ್ಕೆ ನೆಲದಿಂದ ಗಡ್ಡೆ ಹೂವು ಏಳ್ತವೆ, ದಸರಾ ಹೊತ್ತಿಗೆ ತಂಗಡಿ ಹಳದಿ, ತುಂಬೆ ಬಿಳಿ. ಪಂಚೆಗೆ ಚುಚ್ಚಿಕೊಳ್ಳೋ ಮುಳ್ಳು ಹುಲ್ಲು ಒಣಗಿ ಕೆಂಪಾದಾಗ ಸಂಜೆ ಬಿಸಿಲಿಗೆ ಇಡೀ ಬಯಲು ಕೆಂಡದ ಹಾಗೆ ಕಾಣುತ್ತೆ. ಇವುಗಳಲ್ಲಿ ಒಂದಕ್ಕೂ ತೋಪು ಬೇಡ. ಜೆಸಿಬಿ ಸಾಲಾಗಿ ಗುಂಡಿ ಹೊಡೆದ್ರೆ ಮೊದಲು ಹೋಗೋದು ಇವೇ.

ಕಾವಲು ಅಂದ್ರೆ ಬರೀ ಚೆಂದ ಅಂತ ನಾನು ಹೇಳ್ತಿಲ್ಲ. ಎರಡು ವರ್ಷದ ಹಿಂದೆ ತೋಳ ನನ್ನ ಎರಡು ಕುರಿ ಎಳ್ಕೊಂಡು ಹೋಯ್ತು, ಒಂದು ಗಬ್ಬದ ಕುರಿ. ಪರಿಹಾರಕ್ಕೆ ಅರ್ಜಿ ಹಾಕಿದೆ. ಫೋಟೋ ಇಲ್ಲ ಅಂದ್ರು, ಮಹಜರು ಆಗಿಲ್ಲ ಅಂದ್ರು, ಮೂರು ಸಲ ಓಡಾಡಿ ಬಿಟ್ಟೆ. ಮೀಸಲಿನ ಪಕ್ಕದಲ್ಲಿರೋ ನೆಂಟರೊಬ್ಬರ ರಾಗಿ ಪೈರನ್ನ ಕೃಷ್ಣಮೃಗ ಒಂದೇ ರಾತ್ರಿ ಬೋಳು ಮಾಡಿತ್ತು. ಅವರ ಎದುರು ಕೂತು ಸಂರಕ್ಷಣೆ ಮಾತಾಡೋಕೆ ನನಗೆ ಬಾಯಿ ಬರಲ್ಲ. ಆದ್ರೆ ಹುಲ್ಲು ತೆಗೆದು ಮರ ನೆಟ್ರೆ ತೋಳ ಜಿಂಕೆ ಆಕಾಶಕ್ಕೆ ಹೋಗಲ್ಲ. ಹೊಲಕ್ಕೇ ಬರ್ತವೆ. ರಾಣೆಬೆನ್ನೂರು ಕಡೆ ರೈತರನ್ನ ಕೇಳಿದ್ರೆ ಹೇಳ್ತಾರೆ.

ನಮ್ಮ ದನದ ಕಥೆಯೂ ಇದೆ. ಈಗ ಊರಲ್ಲಿ ಇರೋದೆಲ್ಲ ಎಚ್‌ಎಫ್, ಜೆರ್ಸಿ. ಕಾವಲಿಗೆ ಹೋಗೋ ದನ ಕಮ್ಮಿ, ಹೋಗೋ ಕುರಿ ಮೇಕೆ ಜಾಸ್ತಿ, ಅವೂ ವರ್ಷ ಪೂರ್ತಿ ಒಂದೇ ಜಾಗದಲ್ಲಿ. ಹಳೇ ಮೂರು ಕಾಲದ ಲೆಕ್ಕ ಯಾರಿಗೂ ನೆನಪಿಲ್ಲ. ಕೆಳಗಿನ ಕಡೆ ಲಂಟಾನ ಏರ್ತಾ ಇದೆ. ಹಾಗಾಗಿ ಕಾವಲನ್ನ ಹಾಗೇ ಬಿಟ್ಬಿಡಿ ಅಂದ್ರೂ ಸಾಲದು. ಸಸಿ ನೆಡೋ ಅದೇ ದುಡ್ಡಲ್ಲಿ, ಅದೇ ಕೂಲಿಯಲ್ಲಿ ಬಳ್ಳಾರಿ ಜಾಲಿ, ಲಂಟಾನ ಬುಡಸಮೇತ ಕೀಳಿಸಬಹುದು. ಕಟ್ಟೆ ಒಡೆದ ಹಳೇ ಗೋಕಟ್ಟೆ ಎರಡಿದೆ, ಅದರ ಹೂಳು ತೆಗೆಸಬಹುದು. ಕಾವಲನ್ನ ಮೂರು ಪಾಲು ಮಾಡಿ ಒಂದು ಪಾಲಿಗೆ ಮಳೆಗಾಲದಲ್ಲಿ ಕುರಿ ಬಿಡೋದು ಬೇಡ ಅಂತ ನಾವೇ ಮಾತಾಡ್ಕೊಬಹುದು. ಮರ ಬೇಕೇ ಬೇಕು ಅಂದ್ರೆ ಕೆರೆ ಏರಿ, ರಸ್ತೆ ಬದಿ, ಶಾಲೆ ಅಂಗಳ, ನಮ್ಮ ನಮ್ಮ ಬದು ಇದೆ. ನನ್ನ ಬದುವಿನ ಮೇಲೆ ಐವತ್ತು ಗುಂಡಿ ನಾನೇ ತೋಡ್ತೀನಿ, ಹೊಂಗೆ ಬೇವು ಯಾವುದು ಕೊಟ್ರೂ ಸರಿ.

ಬರೋ ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಗ್ರಾಮಸಭೆ ಇದೆ, ಸಸಿ ವಿಷಯ ಅಲ್ಲೇ ತೀರ್ಮಾನ. ನಾನು ಮೇಲಿನದನ್ನೆಲ್ಲ ಒಂದು ಪುಟಕ್ಕೆ ಇಳಿಸಿ ತಕರಾರು ಅರ್ಜಿ ಬರೆದಿದೀನಿ. ಅದರಲ್ಲಿ ನಮ್ಮಪ್ಪ ಉತ್ತಿದ್ದ ಒಂದೂವರೆ ಎಕರೆಯ ಮಾತನ್ನೂ ಸೇರಿಸಿದೀನಿ. ಬೇರೆಯವರು ಎತ್ತಿ ಆಡೋದಕ್ಕಿಂತ ನಾನೇ ಹೇಳೋದು ವಾಸಿ. ಸಹಿ ಹಾಕೋರು ಗುರುವಾರ ಸಾಯಂಕಾಲ ಡೈರಿ ಹತ್ರ ಸಿಗಿ, ಹಾಲು ಹಾಕಿ ಅಲ್ಲೇ ಇರ್ತೀನಿ. ಒಪ್ಪದೋರೂ ಬನ್ನಿ. ಆ ಹುಡುಗನಿಗೂ ಹೇಳಿದೀನಿ, ಶುಕ್ರವಾರ ಬೆಳಗ್ಗೆ ಆರಕ್ಕೆ ಕಾವಲಿಗೆ ಬಾ, ಸಭೆಗೆ ಮುಂಚೆ ಒಂದು ಸುತ್ತು ನಡ್ಕೊಂಡು ಬರೋಣ ಅಂತ. ಟಿಟ್ಟಿಭದ ಗೂಡಲ್ಲಿ ಈಗ ನಾಲ್ಕು ಮೊಟ್ಟೆ ಇದೆ.